ಎದುರು ಕುಳಿತವರ ಅರ್ಥ

ಉಜಿರೆ ಪೇಟೆಯಲ್ಲಿ ಬಸ್ಸಿಳಿದು ನಿಂತರೆ ಒಂದು ದಾರಿ ಚಾರ್ಮಾಡಿ ಘಾಟಿಯ ಕಡೆಗೆ, ಇನ್ನೊಂದು ಬೆಳ್ತಂಗಡಿಯ ಕಡೆಗೆ, ಮತ್ತೊಂದು ಧರ್ಮಸ್ಥಳಕ್ಕೆ. ಮಹಾಶಿವರಾತ್ರಿಗೆ ಮುಂಚಿನ ದಿನಗಳಲ್ಲಿ ಘಾಟಿ ಇಳಿದು ಬರುವ ಪಾದಯಾತ್ರಿಗಳ ಸಾಲು ಈ ಪೇಟೆಯನ್ನು ದಾಟುತ್ತದೆ. ಹಾಸನ, ಚಿಕ್ಕಮಗಳೂರು, ಬೆಂಗಳೂರಿನಿಂದ ನಡೆದು ಬಂದವರು. ಕಾಲಲ್ಲಿ ಬೊಕ್ಕೆ, ಹೆಗಲಲ್ಲಿ ಗಂಟು, ಬಾಯಲ್ಲಿ ಮಂಜುನಾಥನ ಹೆಸರು. ದಾರಿಬದಿಯವರು ಮಜ್ಜಿಗೆ, ಕಲ್ಲಂಗಡಿ ಇಟ್ಟುಕೊಂಡು ಕಾಯುತ್ತಾರೆ. ಮಜ್ಜಿಗೆ ಕೊಡುವವರೆಲ್ಲ ದೇವರನ್ನು ನಂಬಿದವರೇ ಆಗಿರಬೇಕೆಂದೇನೂ ಇಲ್ಲ, ಕುಡಿಯುವವರು ಅದನ್ನು ವಿಚಾರಿಸುವುದೂ ಇಲ್ಲ.

ಸುಮಾರು 9 ಕಿಲೋಮೀಟರ್ ಆಚೆ, ಧರ್ಮಸ್ಥಳದಲ್ಲಿ, ಇವರೆಲ್ಲ ಕೈಮುಗಿಯುವುದು ಶಿವನಿಗೆ. ಪೂಜೆ ಮಾಡುವವರು ಮಾಧ್ವ ಸಂಪ್ರದಾಯದ ವೈಷ್ಣವರು. ಕ್ಷೇತ್ರದ ಹೊಣೆ ಹೊತ್ತ ಹೆಗ್ಗಡೆ ಮನೆತನ ಜೈನರದು. ಈ ಮೂರು ಹೆಸರನ್ನು ಒಟ್ಟಿಗೆ ಹೇಳಿ, ಸಾಮರಸ್ಯ ಎಂಬ ಪದ ಸೇರಿಸಿ ಮಾತು ಮುಗಿಸುವುದು ನಮಗೆ ರೂಢಿಯಾಗಿದೆ. ನನಗೆ ಅಲ್ಲಿಗೆ ನಿಲ್ಲಿಸಲು ಮನಸ್ಸಿಲ್ಲ. ಇದರೊಳಗೆ ಇನ್ನೂ ದೊಡ್ಡ ವಿಷಯವೊಂದಿದೆ. ಜೈನ ದರ್ಶನವು ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂಬುದನ್ನೇ ಒಪ್ಪುವುದಿಲ್ಲ. ತೀರ್ಥಂಕರರು ಲೋಕವನ್ನು ಹುಟ್ಟಿಸಿದವರಲ್ಲ, ದಾಟುವ ದಾರಿ ತೋರಿಸಿದವರು. ಸೃಷ್ಟಿಕರ್ತನನ್ನು ಒಪ್ಪದ ದರ್ಶನದಲ್ಲಿ ಹುಟ್ಟಿದ ಮನೆತನವೊಂದು ಲಕ್ಷಾಂತರ ಆಸ್ತಿಕರ ದೇವರ ಸನ್ನಿಧಿಯನ್ನು ತಲೆಮಾರುಗಳಿಂದ ನೋಡಿಕೊಂಡು ಬಂದಿದೆ. ಇದು ನಮ್ಮ ಕಣ್ಣೆದುರಿಗೇ ಇರುವುದರಿಂದ ಇರಬೇಕು, ಇದರ ಬಗ್ಗೆ ನಮಗೆ ಆಶ್ಚರ್ಯವೇ ಆಗುವುದಿಲ್ಲ.

ಸೃಷ್ಟಿಕರ್ತನ ವಿರುದ್ಧ ಜೈನರ ವಾದ ಮೆಲುದನಿಯದೇನೂ ಅಲ್ಲ. 9ನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಮಹಾಪುರಾಣದಲ್ಲಿ ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾರೆ. ದೇವರು ಜಗತ್ತನ್ನು ಮಾಡಿದ್ದಾದರೆ ಮಾಡುವ ಮೊದಲು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಆ ಸಾಮಗ್ರಿಯನ್ನು ಯಾರು ಮಾಡಿದರು? ಯಾವ ಕೊರತೆಯೂ ಇಲ್ಲದವನಿಗೆ ಮಾಡಬೇಕೆಂಬ ಬಯಕೆ ಏಕೆ ಬಂತು? ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ 1980ರ ತಮ್ಮ ‘ಕಾಸ್ಮಾಸ್’ ಪುಸ್ತಕದಲ್ಲಿ ಈ ಭಾಗವನ್ನು ಎತ್ತಿಕೊಂಡರು. ಜಿನಸೇನರು ನಮ್ಮವರು; ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರುಗಳು. ಅದೇ ಅಮೋಘವರ್ಷನ ಆಸ್ಥಾನದಲ್ಲಿ ಕನ್ನಡದ ಮೊದಲ ಉಪಲಬ್ಧ ಗ್ರಂಥ ಕವಿರಾಜಮಾರ್ಗ ಹುಟ್ಟಿತು. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸಹಿಸಬಲ್ಲ ಗುಣವೇ ನಿಜವಾದ ಸಂಪತ್ತು ಎಂಬ ಮಾತು ಅದರಲ್ಲಿದೆ. ಜಿನಸೇನರ ಪುರಾಣವನ್ನು ಆಧಾರವಾಗಿಟ್ಟುಕೊಂಡೇ ಪಂಪ 941ರಲ್ಲಿ ಆದಿಪುರಾಣ ಬರೆದ. ಅದೇ ಪಂಪ ವ್ಯಾಸರ ಭಾರತವನ್ನೂ ಎತ್ತಿಕೊಂಡು ವಿಕ್ರಮಾರ್ಜುನ ವಿಜಯವನ್ನು ರಚಿಸಿದ.

ಇನ್ನೂ ಹತ್ತಿರ ಬನ್ನಿ. ಜಿನಸೇನರ ಗುರು ವೀರಸೇನರು ಧವಳಾ ಟೀಕೆಯನ್ನು ಬರೆದವರು. ಅವರು ಅರ್ಧಕ್ಕೆ ಬಿಟ್ಟ ಜಯಧವಳಾ ಟೀಕೆಯನ್ನು ಪೂರ್ತಿ ಮಾಡಿದವರು ಜಿನಸೇನರು. ಈ ಗ್ರಂಥಗಳ ತಾಳೆಗರಿಗಳು ಹಳೆಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಕೊಂಡಿದ್ದು ಮೂಡುಬಿದಿರೆಯ ಬಸದಿಯಲ್ಲಿ. 1430ರ ಸಾವಿರ ಕಂಬದ ಬಸದಿಯನ್ನು ನೋಡಲು ಹೋಗುವವರು ಈ ಗರಿಗಳನ್ನೂ ನೆನೆಯಬೇಕು. ದೇವರು ಜಗತ್ತನ್ನು ಮಾಡಲಿಲ್ಲ ಎಂದು ತರ್ಕ ಹೂಡಿದ ಕೈ ಬರೆದ ಗ್ರಂಥವನ್ನು, ದೇವಸ್ಥಾನ ದೈವಸ್ಥಾನಗಳ ನಡುವಿನ ಈ ತುಳುನಾಡು ಗೆದ್ದಲಿನಿಂದಲೂ ಮಳೆಗಾಲದ ತೇವದಿಂದಲೂ ಕಾಪಾಡಿಕೊಟ್ಟಿತು.

ಇಷ್ಟು ಹೇಳಿದ ಮೇಲೆ ನಾಸ್ತಿಕ ಎಂಬ ಪದವನ್ನೇ ಒಮ್ಮೆ ಬಿಡಿಸಿ ನೋಡಬೇಕು. ನಾವಿಂದು ಅದನ್ನು ದೇವರನ್ನು ನಂಬದವನು ಎಂಬ ಅರ್ಥದಲ್ಲಿ, ಹೆಚ್ಚಾಗಿ ಬೈಗುಳವಾಗಿ ಬಳಸುತ್ತೇವೆ. ದರ್ಶನಶಾಸ್ತ್ರದ ಹಳೆಯ ಲೆಕ್ಕ ಬೇರೆ. ಅಲ್ಲಿ ವೇದವನ್ನು ಪ್ರಮಾಣವೆಂದು ಒಪ್ಪದವನು ನಾಸ್ತಿಕ. ಚಾರ್ವಾಕ, ಬೌದ್ಧ, ಜೈನ ಮೂವರೂ ಆ ಸಾಲಿನಲ್ಲಿ ಬರುತ್ತಾರೆ. ಅತ್ತ ಆಸ್ತಿಕರ ಸಾಲಿನಲ್ಲೇ ಕೂತ ಸಾಂಖ್ಯರಿಗೆ ಜಗತ್ತನ್ನು ವಿವರಿಸಲು ಈಶ್ವರ ಬೇಕಾಗಲಿಲ್ಲ. ಯಜ್ಞದ ವಿಧಿಗಳ ವಿಚಾರಕ್ಕೇ ಜೀವ ಸವೆಸಿದ ಮೀಮಾಂಸಕರೂ ಸೃಷ್ಟಿಕರ್ತನನ್ನು ಅಲ್ಲಗಳೆದರು. ಯಾರು ಆಸ್ತಿಕ, ಯಾರು ನಾಸ್ತಿಕ ಎಂಬ ಗೆರೆ ನಾವು ತಿಳಿದಷ್ಟು ನೇರವಾಗಿಲ್ಲ. ಜೈನರ ಉದಾಹರಣೆಯಿಂದ ಇನ್ನೊಂದು ಸಂಗತಿಯೂ ಇತ್ಯರ್ಥವಾಗುತ್ತದೆ. ದೇವರ ಹೆದರಿಕೆ ಇಲ್ಲದವನಿಗೆ ನೀತಿ ಎಲ್ಲಿಂದ ಬರಬೇಕು ಎಂದು ಕೇಳುವ ಹಿರಿಯರು ನಮ್ಮಲ್ಲಿ ಪ್ರತಿ ಮನೆಯಲ್ಲೂ ಇದ್ದಾರೆ. ಸೂರ್ಯ ಮುಳುಗಿದ ಮೇಲೆ ಉಣ್ಣದ, ಹುಳುಹುಪ್ಪಟೆಗೂ ನೋವಾಗದಂತೆ ನಡೆಯುವ ಪಕ್ಕದ ಜೈನರ ಮನೆಯೇ ಅವರಿಗೆ ಉತ್ತರ. ಶಿಕ್ಷಿಸುವ ಸೃಷ್ಟಿಕರ್ತನಿಲ್ಲದೆಯೂ ಅಷ್ಟು ಕಠಿಣವಾದ ನೀತಿ ಸಾಧ್ಯವಾಗಿದೆ.

ಎಲ್ಲವೂ ಸುಸೂತ್ರವಾಗಿತ್ತು ಎಂದರೆ ಸುಳ್ಳಾಗುತ್ತದೆ. 1368ರಲ್ಲಿ ವಿಜಯನಗರದ ಬುಕ್ಕರಾಯನ ಮುಂದೆ ಜೈನರೂ ಶ್ರೀವೈಷ್ಣವರೂ ವ್ಯಾಜ್ಯ ತಂದಿದ್ದರು. ಬುಕ್ಕ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೇ ಒಪ್ಪಿಸಿದ. ಶ್ರವಣಬೆಳಗೊಳದ ಶಾಸನ ಇದನ್ನು ಹೇಳುತ್ತದೆ. ಜಗಳ ಇದ್ದದ್ದರಿಂದಲೇ ಶಾಸನ ಬೇಕಾಯಿತು. ಹೆಚ್ಚು ಜನಬಲ ಇದ್ದವರ ಮೇಲೆ ಹೆಚ್ಚಿನ ಹೊಣೆ ಹೊರಿಸಿದ ಆ ತೀರ್ಪಿನ ವಿವೇಕ ನನಗೆ ದೊಡ್ಡದಾಗಿ ಕಾಣುತ್ತದೆ.

ಈಗ ನಂಬುವವರಿಗೂ ನಂಬದವರಿಗೂ ಮಾತು ಬಂದಾಗ ಏನಾಗುತ್ತದೆ? ಮದುವೆ ಮನೆಯಲ್ಲಾಗಲಿ, ಫೋನಿನಲ್ಲಾಗಲಿ ಮೂರನೆಯ ಮಾತಿಗೆ ಒಬ್ಬರು ಇನ್ನೊಬ್ಬರನ್ನು ದಡ್ಡ ಎನ್ನುತ್ತಾರೆ, ಇನ್ನೊಬ್ಬರು ಇವರನ್ನು ಅಹಂಕಾರಿ ಎನ್ನುತ್ತಾರೆ. ಆಗ ಯಾರೋ ಹಿರಿಯರು ಮಧ್ಯೆ ಬಂದು ‘ಅವರವರ ನಂಬಿಕೆ ಅವರವರಿಗೆ, ಬಿಡಿ ಮಾರಾಯ್ರೆ’ ಎನ್ನುತ್ತಾರೆ. ಜಗಳ ನಿಲ್ಲಿಸಲು ಆ ಮಾತು ಒಳ್ಳೆಯದೇ. ಆದರೆ ಅದನ್ನೇ ಗೌರವ ಎಂದು ಕರೆಯಲು ನಾನು ತಯಾರಿಲ್ಲ. ಅದು ಬಾಗಿಲು ಹಾಕಿಕೊಳ್ಳುವ ಮಾತು. ನೀನು ಏನು ನಂಬುತ್ತೀಯೋ, ಏಕೆ ನಂಬುವುದಿಲ್ಲವೋ ನನಗೆ ಕೇಳುವ ಆಸಕ್ತಿ ಇಲ್ಲ ಎಂದು ಸೌಜನ್ಯದಿಂದ ಹೇಳುವ ಕ್ರಮ ಅಷ್ಟೆ.

ಇದಕ್ಕಿಂತ ಒಳ್ಳೆಯ ಕ್ರಮ ನಮ್ಮೂರಿನಲ್ಲೇ ಇದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆ ಹಿಡಿದ ರಾತ್ರಿಗಳಲ್ಲಿ, ಚಾವಡಿಗಳಲ್ಲಿ ತಾಳಮದ್ದಳೆ ಕೂಟ ಶುರುವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ; ಪಂಚೆ ಶಾಲಿನಲ್ಲಿ ಅರ್ಥಧಾರಿಗಳು ಎದುರುಬದುರು ಕೂರುತ್ತಾರೆ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ಮಾತಿನಲ್ಲಿ ಬೆಳೆಸುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರಿನವನು ಯಾವ ಪ್ರಶ್ನೆ ಎಸೆಯುತ್ತಾನೆಂದು ಮೊದಲೇ ಗೊತ್ತಿರುವುದಿಲ್ಲ. ಕರಾವಳಿಯವರು ಆ ಮಾತಿಗೆ ಸಂಭಾಷಣೆ ಎನ್ನುವುದಿಲ್ಲ, ಅರ್ಥ ಎನ್ನುತ್ತಾರೆ.

ವಾಲಿವಧೆಯ ಕೂಟವನ್ನು ನೆನಪು ಮಾಡಿಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ. ಮರೆಯಲ್ಲಿ ನಿಂತು ಹೊಡೆದದ್ದು ಯಾವ ಕ್ಷತ್ರಿಯ ಧರ್ಮ? ನಿನಗೂ ನನಗೂ ಏನು ಹಗೆ? ಸೀತೆಯನ್ನು ತರುವುದೇ ಕೆಲಸವಾಗಿದ್ದರೆ ನನ್ನನ್ನು ಕೇಳಬಾರದಿತ್ತೆ? ಚಾವಡಿಯಲ್ಲಿ ಕೂತ ನೂರು ಜನರಲ್ಲಿ ತೊಂಬತ್ತು ಮಂದಿ ರಾಮನಿಗೆ ದಿನಾ ಕೈಮುಗಿಯುವವರು. ಆದರೂ ವಾಲಿಯ ಅರ್ಥ ಸಪ್ಪೆಯಾದರೆ ಅವರಿಗೇ ಬೇಸರ, ಕೂಟ ಏಳಲಿಲ್ಲ ಎನ್ನುತ್ತಾ ಮನೆಗೆ ಹೋಗುತ್ತಾರೆ. ರಾಮನ ಅರ್ಥಧಾರಿ ‘ನಾನು ದೇವರು, ನನ್ನನ್ನು ಕೇಳುವ ಹಕ್ಕು ನಿನಗಿಲ್ಲ’ ಎಂದು ನುಣುಚಿಕೊಂಡರೆ ಅದೇ ಭಕ್ತರು ಒಪ್ಪುವುದಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ವಾಲಿ, ರಾವಣ, ಮಾಗಧರನ್ನು ಕೇಳಿದವರು ಇಂದಿಗೂ ಅದನ್ನು ಹೇಳಿಕೊಂಡು ಸಂತೋಷಪಡುತ್ತಾರೆ. ಪ್ರತಿಪಕ್ಷಕ್ಕೆ ಅವರಷ್ಟು ಬಲ ತುಂಬಿದವರು ವಿರಳ. ಇಂದು ರಾಮ ಹೇಳಿದವರು ನಾಳೆ ಇನ್ನೊಂದು ಊರಿನಲ್ಲಿ ವಾಲಿ ಹೇಳುತ್ತಾರೆ. ಸುಳ್ಯದ ಕಡೆಯ ಜಬ್ಬಾರ್ ಸಮೊ ಅವರು ಮುಸ್ಲಿಮರಾಗಿದ್ದುಕೊಂಡೇ ಪುರಾಣ ಪಾತ್ರಗಳ ಅರ್ಥ ಹೇಳುತ್ತಾ ಕರಾವಳಿಯ ಮನಸ್ಸು ಗೆದ್ದವರು. ಹೇಳುವವನ ಸ್ವಂತ ನಂಬಿಕೆ ಯಾವುದು ಎಂಬುದಕ್ಕಿಂತ, ತಾನು ಹಿಡಿದ ಪಕ್ಷಕ್ಕೆ ನ್ಯಾಯ ಕೊಟ್ಟನೋ ಇಲ್ಲವೋ ಎಂಬುದೇ ಅಲ್ಲಿ ಮುಖ್ಯ.

ಕೂಟದಲ್ಲೂ ಮಾತು ಹಾದಿ ತಪ್ಪುತ್ತದೆ. ಪಾತ್ರ ಬಿಟ್ಟು ವ್ಯಕ್ತಿಯ ಮೇಲೆ ಕುಟುಕು ಶುರುವಾಗುತ್ತದೆ, ಸಭೆಯಲ್ಲಿ ಕೆಲವರು ಅದಕ್ಕೇ ಚಪ್ಪಾಳೆ ತಟ್ಟುತ್ತಾರೆ. ಆಗ ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಮಾತು ನಿಲ್ಲಲೇಬೇಕು. ಯಾರ ಮುಖವೂ ಬಾಡದಂತೆ, ತಾಳ ಹಾಕಿ ಜಗಳ ಬಿಡಿಸುವ ಇಂಥ ಏರ್ಪಾಡು ನಮ್ಮ ಬೇರೆ ಚರ್ಚೆಗಳಿಗೆ ಒದಗಿಲ್ಲ.

ತಾಳಮದ್ದಳೆಯ ಬೇರು ಹಳೆಯ ಶಾಸ್ತ್ರಚರ್ಚೆಯ ಕ್ರಮಕ್ಕೂ ತಾಗುತ್ತದೆ ಎಂದು ನನ್ನ ಊಹೆ. ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮೊದಲು ತಾನೇ ಮಂಡಿಸಿ, ಆಮೇಲೆ ಸಿದ್ಧಾಂತ ಹೇಳುವುದು ಆ ಕ್ರಮ. 14ನೆಯ ಶತಮಾನದ ಸರ್ವದರ್ಶನ ಸಂಗ್ರಹ ವೇದಾಂತಿಯೊಬ್ಬರ ಕೃತಿ. ಕರ್ತೃ ಮಾಧವಾಚಾರ್ಯರೇ ಶೃಂಗೇರಿಯ ವಿದ್ಯಾರಣ್ಯರೆಂದು ಸಂಪ್ರದಾಯ ಹೇಳುತ್ತದೆ. ಅದರ ಮೊದಲ ಅಧ್ಯಾಯ ಸಿಕ್ಕಿದ್ದು ಚಾರ್ವಾಕನಿಗೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಪಾಲು ನಷ್ಟವಾಗಿವೆ. ಅವರ ಮಾತು ನಮಗಿಂದು ಇಷ್ಟಾದರೂ ಗೊತ್ತಿರುವುದು ಅವರನ್ನು ಒಪ್ಪದವರು ಬರೆದಿಟ್ಟದ್ದರಿಂದ. ವಾಲ್ಮೀಕಿಯೂ ಅಷ್ಟೆ. ಅಯೋಧ್ಯಾಕಾಂಡದಲ್ಲಿ ಜಾಬಾಲಿ ರಾಮನೆದುರು ನಿಂತು ಶ್ರಾದ್ಧದ ಅನ್ನ ವ್ಯರ್ಥ, ಸತ್ತವನು ಉಣ್ಣುವುದುಂಟೆ ಎಂದು ವಾದಿಸುತ್ತಾನೆ. ರಾಮನಿಗೆ ಸಿಟ್ಟು ಬರುತ್ತದೆ, ಕಟುವಾಗಿ ಉತ್ತರಿಸುತ್ತಾನೆ. ಕವಿ ಮಾತ್ರ ಜಾಬಾಲಿಯ ಮಾತನ್ನು ಮೊಟಕು ಮಾಡದೆ ಪೂರ್ತಿ ಹೇಳಲು ಬಿಟ್ಟಿದ್ದಾನೆ.

ನಂಬದವರ ಕಡೆಯ ತಪ್ಪನ್ನೂ ಹೇಳಬೇಕು. ನಂಬುವವನಿಗೆ ಬುದ್ಧಿ ಕಡಿಮೆ ಎಂಬ ಅವಸರದ ತೀರ್ಮಾನ ಅವರದು. ಗಣಿತಜ್ಞ ಜಿ.ಎಚ್. ಹಾರ್ಡಿ ಪಕ್ಕಾ ನಿರೀಶ್ವರವಾದಿ. 1914ರಲ್ಲಿ ಅವರು ಕೇಂಬ್ರಿಜ್‌ಗೆ ಕರೆಸಿಕೊಂಡ ಶ್ರೀನಿವಾಸ ರಾಮಾನುಜನ್ ಮನೆದೇವರು ನಾಮಗಿರಿಯನ್ನು ನಂಬಿದವರು. ತಮ್ಮ ಗಣಿತವೇ ಆಕೆಯ ಅನುಗ್ರಹ ಎಂದು ಆಪ್ತರಲ್ಲಿ ಹೇಳುತ್ತಿದ್ದವರು. ಇಬ್ಬರೂ ಸೇರಿ ಮಾಡಿದ ಕೆಲಸ ಲೋಕಕ್ಕೇ ಗೊತ್ತು. ಆದರೆ ರಾಮಾನುಜನ್ ತೀರಿಕೊಂಡ ಮೇಲೆ ಹಾರ್ಡಿ, ಎಲ್ಲ ಧರ್ಮಗಳೂ ಹೆಚ್ಚುಕಡಿಮೆ ಸಮಾನವಾಗಿ ಸತ್ಯ ಎಂದು ತನ್ನ ಗೆಳೆಯ ತನಗೆ ಹೇಳಿದ್ದನೆಂದು ಬರೆದು, ಆ ಭಕ್ತಿಯನ್ನು ಹಗುರ ಮಾಡಿ ನೋಡಿದರು. ಅಷ್ಟೊಂದು ಪ್ರೀತಿ, ಅಷ್ಟೊಂದು ಮೆಚ್ಚುಗೆ. ಆದರೂ ಗೆಳೆಯನ ಬದುಕಿನ ಒಂದು ಕೋಣೆಯೊಳಗೆ ಇವರು ಇಣುಕಲೇ ಇಲ್ಲ. ರಾಮಾನುಜನ್ನರೂ ತೆರೆದು ತೋರಿಸಲಿಲ್ಲವೋ ಏನೋ. ತನ್ನ ಮಾತಿಗೆ ಬೆಲೆ ಸಿಗದು ಎನ್ನಿಸಿದ ಕಡೆ ನಂಬುವವನು ಸುಮ್ಮನಾಗುತ್ತಾನೆ.

ಶಿವರಾಮ ಕಾರಂತರು ಇಣುಕಿದರು. ಪುತ್ತೂರಿನ ಬಾಲವನದಲ್ಲಿ ದಶಕಗಟ್ಟಲೆ ಬಾಳಿದ ಕಾರಂತರ ವೈಚಾರಿಕ ನಿಷ್ಠುರತೆಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಪೂಜೆ, ಪುನಸ್ಕಾರ, ಪವಾಡಗಳ ಬಗ್ಗೆ ಅವರಿಗೆ ಮೋಹವಿರಲಿಲ್ಲ. ಆದರೆ ಬಾಳಿನ ದೊಡ್ಡ ಪಾಲನ್ನು ಅವರು ಕೊಟ್ಟದ್ದು ಯಕ್ಷಗಾನಕ್ಕೆ, ಅಂದರೆ ಚೌಕಿಯಲ್ಲಿ ಗಣಪತಿಗೆ ಪೂಜೆಯಾಗದೆ ಗೆಜ್ಜೆ ಕಟ್ಟದ ಕಲೆಗೆ. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1968ರ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯಲ್ಲಿ ಓದಿದ ಮೊಮ್ಮಗ ಸುಬ್ರಾಯನೂ ಅಜ್ಜಿಯೂ ದೇವರ ಬಗ್ಗೆ, ಹುಟ್ಟಿನ ಬಗ್ಗೆ, ಸಾವಿನ ಬಗ್ಗೆ ಮಾತಾಡುತ್ತಾರೆ. ಕಣ್ಣಿಗೆ ಕಾಣದ್ದನ್ನು ಕಾಣಬಲ್ಲ ಅಜ್ಜಿ ಅವಳು. ಅಂಥ ಶಕ್ತಿಯನ್ನು ಅವಳಿಗೆ ಕೊಟ್ಟು, ದೇವರುಗಳನ್ನು ಮನುಷ್ಯ ಹೇಗೆ ಕಟ್ಟಿಕೊಂಡ ಎಂಬ ಅತಿ ಹರಿತವಾದ ವಿಚಾರವನ್ನೂ ಅವಳ ಬಾಯಿಂದಲೇ ಹೇಳಿಸುತ್ತಾರೆ ಕಾರಂತರು. ಮೊಮ್ಮಗ ಅಜ್ಜಿಯನ್ನು ಗೇಲಿ ಮಾಡುವುದಿಲ್ಲ, ಅಜ್ಜಿ ಮೊಮ್ಮಗನನ್ನು ಗದರುವುದಿಲ್ಲ. ಇಬ್ಬರಿಗೂ ತಿಳಿದುಕೊಳ್ಳುವ ಹಸಿವು.

ನಮ್ಮ ಕರಾವಳಿಯವರೇ ಆದ ಇನ್ನೊಬ್ಬರ ಕತೆ ಹೇಳಬೇಕು, ಅದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹರಿ ವಿಷ್ಣು ಕಾಮತ್ 1907ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು, ಸಂವಿಧಾನ ಸಭೆಯ ಸದಸ್ಯರು. 1949ರ ಅಕ್ಟೋಬರ್ 17ರಂದು ಸಂವಿಧಾನದ ಪೀಠಿಕೆ ಚರ್ಚೆಗೆ ಬಂದಾಗ, ಅದು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂದು ಅವರು ತಿದ್ದುಪಡಿ ಮಂಡಿಸಿದರು. ಸಭೆಯಲ್ಲಿದ್ದವರಲ್ಲಿ ಹೆಚ್ಚಿನವರು ದೇವರನ್ನು ನಂಬಿದವರೇ. ವಿರೋಧ ಅವರ ನಡುವಿನಿಂದಲೇ ಎದ್ದಿತು. ತಿರುವಾಂಕೂರಿನ ಪಟ್ಟಂ ಥಾಣು ಪಿಳ್ಳೆ ತಾವು ಆಸ್ತಿಕರೆಂದು ಹೇಳಿಕೊಂಡೇ, ನಂಬುವ ಹಾಗೂ ನಂಬದಿರುವ ಹಕ್ಕು ಮನುಷ್ಯನಿಗಿರುವಾಗ ಇದು ಒತ್ತಾಯವಾಗುತ್ತದೆ ಎಂದರು. ಅಂತರಂಗಕ್ಕೆ ಇಷ್ಟು ಹತ್ತಿರದ ವಿಷಯವನ್ನು ಎಲ್ಲರ ಮೇಲೂ ಸಾಮೂಹಿಕವಾಗಿ ಹೇರಬಾರದೆಂಬುದು ಹೃದಯನಾಥ ಕುಂಜ್ರು ಅವರ ವಾದ. ಅದೇ ಪೀಠಿಕೆ ನಂಬಿಕೆಯ ಸ್ವಾತಂತ್ರ್ಯದ ಮಾತಾಡುತ್ತಿದೆಯಲ್ಲ ಎಂದು ಅವರು ನೆನಪಿಸಿದರು. ಪೂರ್ಣಿಮಾ ಬ್ಯಾನರ್ಜಿ, ದೇವರನ್ನು ಮತಕ್ಕೆ ಹಾಕುವ ಮುಜುಗರಕ್ಕೆ ನಮ್ಮನ್ನು ತಳ್ಳಬೇಡಿ ಎಂದು ಕಾಮತರನ್ನು ಕೇಳಿಕೊಂಡರು. ಕಾಮತ್ ಬಿಡಲಿಲ್ಲ. ಮತ ಎಣಿಸಲಾಯಿತು. ಪರವಾಗಿ 41, ವಿರೋಧವಾಗಿ 68.

ಆ 68 ಮಂದಿಯಲ್ಲಿ ಎಷ್ಟೋ ಜನ ಮರುದಿನ ಬೆಳಿಗ್ಗೆ ಎಂದಿನಂತೆ ದೇವರಿಗೆ ದೀಪ ಹಚ್ಚಿರುತ್ತಾರೆ. ತಮ್ಮ ದೇವರನ್ನು ಅವರು ಸೋಲಿಸಲಿಲ್ಲ. ನಂಬದ ನೆರೆಯವನ ಬಾಯಲ್ಲಿ ತಮ್ಮ ದೇವರ ಹೆಸರನ್ನು ಬಲವಂತವಾಗಿ ಇಡಲು ಒಪ್ಪಲಿಲ್ಲ. ಕಾಮತರ ಭಕ್ತಿಗೂ ಅಲ್ಲಿ ಅವಮಾನವಾಗಲಿಲ್ಲ, ಅವರ ಮಾತನ್ನು ಸಭೆ ಕೇಳಿ ಉತ್ತರ ಕೊಟ್ಟೇ ತಳ್ಳಿಹಾಕಿತು. ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಇಂದಿಗೂ ಪ್ರಮಾಣವಚನಕ್ಕೆ ಎರಡು ಪಾಠಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ದೃಢಸಂಕಲ್ಪದಿಂದ ದೃಢೀಕರಿಸಬಹುದು. ಎರಡಕ್ಕೂ ತೂಕ ಒಂದೇ.

ನಂಬದವರ ಸಂಖ್ಯೆ ನಮ್ಮ ದೇಶದಲ್ಲಿ ತೀರ ಚಿಕ್ಕದು. ಪ್ಯೂ ಸಂಶೋಧನಾ ಕೇಂದ್ರ ಸುಮಾರು 30,000 ವಯಸ್ಕರನ್ನು ಮಾತನಾಡಿಸಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 97ರಷ್ಟು ಭಾರತೀಯರು ದೇವರನ್ನು ನಂಬುತ್ತೇವೆ ಎಂದಿದ್ದಾರೆ. ಅದಕ್ಕೇ ಬುಕ್ಕರಾಯನ ತೀರ್ಪು ನನಗೆ ಮತ್ತೆ ಮತ್ತೆ ನೆನಪಾಗುವುದು. ವಚನಗಳ ಸಂಶೋಧನೆಯಲ್ಲಿ ಜೀವ ಸವೆಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಪ್ರಶ್ನೆ ಕೇಳುವವರ ಜೀವ ಕಾಯುವ ಹೊಣೆ ನಂಬುವವರದೇ, ಏಕೆಂದರೆ ಊರಿನ ತುಂಬ ಇರುವವರು ಅವರೇ.

ಗೌರವ ಎಂದರೆ ಎಲ್ಲವನ್ನೂ ಸುಮ್ಮನೆ ನೋಡುತ್ತಾ ಕೂರುವುದೂ ಅಲ್ಲ. ಕುಕ್ಕೆ ಸುಬ್ರಹ್ಮಣ್ಯದ ಮಡೆಸ್ನಾನ ನಮ್ಮ ಜಿಲ್ಲೆಯಲ್ಲಿ ವರ್ಷಗಟ್ಟಲೆ ಮನೆಮನೆಯಲ್ಲಿ ವಾದಕ್ಕೆ ಕಾರಣವಾದದ್ದು. ಬ್ರಾಹ್ಮಣರು ಉಂಡ ಎಲೆಗಳ ಮೇಲೆ ಹರಕೆ ಹೊತ್ತವರು ಉರುಳುತ್ತಿದ್ದರು. ಉರುಳುವವರು ನಮ್ಮ ನಂಬಿಕೆ ಎಂದರು. ವಿರೋಧಿಸಿದವರು ಇದು ಮನುಷ್ಯನ ಘನತೆಗೆ ಕುಂದು ಎಂದರು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಇಲ್ಲಿ ಗಮನಿಸಬೇಕಾದದ್ದು, ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ. ನಿಡುಮಾಮಿಡಿ ಮಠದ ಸ್ವಾಮೀಜಿಯವರೇ ಮುಂದೆ ನಿಂತಿದ್ದರು. 2017ರಲ್ಲಿ ರಾಜ್ಯ ಶಾಸನಸಭೆ ಅಂಗೀಕರಿಸಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾನೂನು ಎಂಜಲೆಲೆಯ ಮೇಲೆ ಉರುಳಿಸುವುದನ್ನು ನಿಷೇಧಿಸಿತು. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಗಳಿಗೆ ಅದು ಕೈ ಹಾಕಲಿಲ್ಲ. ಗೆರೆ ಎಳೆದದ್ದು ನಂಬಿಕೆ ಮತ್ತು ಅಪನಂಬಿಕೆಯ ನಡುವೆ ಅಲ್ಲ. ಮನುಷ್ಯನಿಗೆ ಕೇಡು ತರುವುದು ಯಾವುದು, ತರದಿರುವುದು ಯಾವುದು ಎಂದು ನೋಡಿ ಎಳೆದರು. ನನಗೆ ಆ ಗೆರೆ ಸರಿ ಎನ್ನಿಸುತ್ತದೆ. ಆದರೆ ಉರುಳಿದವರನ್ನು ಹೀಯಾಳಿಸಿದವರ ಜೊತೆ ನಾನಿಲ್ಲ. ಚರ್ಮರೋಗ ವಾಸಿಯಾದೀತೆಂದು ಎಲೆಯ ಮೇಲೆ ಮೈಚಾಚಿದ ತಾಯಿಯ ಹಿಂದೆ ಇರುವುದು ಮೂರ್ಖತನ ಮಾತ್ರ ಎಂದು ತಿಳಿಯುವವನು ಆಕೆಯ ಬವಣೆಯನ್ನು ಕೇಳಿಯೇ ಇಲ್ಲ.

ಆಟಿ ತಿಂಗಳ ಒಂದು ರಾತ್ರಿ, ಹೊರಗೆ ಮಳೆ ಹೊಯ್ಯುತ್ತಿದ್ದಾಗ, ನಮ್ಮ ಕಡೆಯ ಮನೆಯೊಂದರಲ್ಲಿ ವಾಲಿವಧೆ ಕೇಳಿದ್ದೆ. ಮಂಗಳ ಆಯಿತು. ಜಗಲಿಯಲ್ಲಿ ಅವಲಕ್ಕಿ, ಚಾ. ವಾಲಿಯೂ ರಾಮನೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಹಣೆಯಲ್ಲಿ ನಾಮವಿದ್ದ ಹಿರಿಯರೊಬ್ಬರು ಕೊಡೆ ಬಿಡಿಸುವ ಮೊದಲು ರಾಮನ ಅರ್ಥಧಾರಿಯ ಎದುರು ಬಂದು ನಿಂತರು. ‘ಸೀತೆಯನ್ನು ನಾನೇ ತಂದುಕೊಡ್ತಿದ್ದೆ ಅಂತ ವಾಲಿ ಹೇಳಿದನಲ್ಲ, ಅದಕ್ಕೆ ನೀವು ಉತ್ತರ ಹೇಳ್ಲೇ ಇಲ್ಲ.’

‘ಹೇಳಬೇಕು ಅಂತಿದ್ದೆ, ಭಾಗವತರು ಪದ್ಯ ಎತ್ತಿದರು’ ಎಂದರು ಅವರು.

‘ಅದಲ್ಲ. ನಿಮ್ಮ ಹತ್ತಿರ ಉತ್ತರ ಇರಲಿಲ್ಲ.’ ಹಿರಿಯರು ಸ್ವಲ್ಪ ಯೋಚಿಸಿದರು. ‘ಮುಂದಿನ ಸಲ ನಮ್ಮಲ್ಲಿ ಕೂಟ ಉಂಟು. ನೀವು ವಾಲಿ ಹೇಳಿ.’